ಹನ್ನೆರಡಕ್ಕೆ ಹನ್ನೊಂದು ಗಂಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಡುವೆ ಎಲ್ಲೋ ಸಿಕ್ಕಿಬೀಳುವುದಕ್ಕಿಂತ ಬಾಗಿಲಲ್ಲೇ ಕೈ ಎತ್ತಿ ನಿಲ್ಲುವುದು ವಾಸಿ. ಚಾಚಾ ಮಾರಿದ ಗಡಿಯಾರದ ಬಗ್ಗೆ ಹರಾಜಿನ ಸೈಟಿನಲ್ಲಿ ಬಂದ ಆ ಕೆಟ್ಟ ಫೀಡ್‌ಬ್ಯಾಕನ್ನು ಬರೆಸಿದವನು ನಾನು. ಹೆಸರು ಬಾದಾಮಿಯ ನನ್ನ ಗೆಳೆಯನದು, ಒತ್ತಿದ್ದು ಅವನ ಹೆಬ್ಬೆರಳು, ಮಾತು ಮಾತ್ರ ನನ್ನದು. ಫೋನಿನಲ್ಲಿ ಒಂದೊಂದೇ ಶಬ್ದ ಹೇಳಿ ಬರೆಸಿದೆ. ಸುಮ್ಮನೆ ಹೇಳಿದ್ದರೆ ನಾನು ನಾನಾಗುತ್ತಿರಲಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಯಾವ ಹುಡುಗನಿಗೂ ಪೂರ್ತಿ ಮಾರ್ಕ್ಸ್ ಕೊಡದ ಗಣಿತದ ಮಾಸ್ತರರೊಬ್ಬರಿದ್ದರು, ಅವರ ದನಿ ತೆಗೆದು, ಮೂಗಿನಿಂದ ಹೇಳಿದೆ: "ಗಡಿಯಾರ ಚೆನ್ನಾಗಿದೆ. ವೇಳೆ ಸರಿಯಾಗಿ ತೋರಿಸುತ್ತದೆ. ಆದರೆ ಹನ್ನೆರಡಕ್ಕೆ ಹನ್ನೊಂದೇ ಗಂಟೆ ಹೊಡೆಯುತ್ತದೆ." ಗೆಳೆಯ ನಗುತ್ತ ಟೈಪ್ ಮಾಡಿ, ಐದು ಸ್ಟಾರಿನಲ್ಲಿ ಎರಡನ್ನು ಕಿತ್ತುಕೊಂಡು ಕಳಿಸಿದ. ಆ ಗಡಿಯಾರ ಅವನ ಖಾನಾವಳಿಯ ಗೋಡೆಯ ಮೇಲೆ ಹನ್ನೆರಡಕ್ಕೆ ಹನ್ನೆರಡನ್ನೇ ಹೊಡೆಯುತ್ತಿತ್ತು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಚಾಚಾ ಎಂದರೆ ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಮನೆಗೂ ನಮ್ಮ ಮನೆಗೂ ಇರುವುದು ಒಂದೇ ಗೋಡೆ. ಕೀಲಿ ಕೊಟ್ಟು ನಡೆಸುವ ಹಳೆಯ ಗೋಡೆ ಗಡಿಯಾರಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ನಡೆಯುವಂತೆ ಮಾಡುವುದು ಅವರ ಕಸುಬು. ಮೊದಲು ಬಜಾರಿನಲ್ಲಿ ಕೈಗಡಿಯಾರ ರಿಪೇರಿ ಅಂಗಡಿ ಇತ್ತು. ಮಂದಿ ಮೊಬೈಲಿನಲ್ಲಿ ವೇಳೆ ನೋಡಲು ಶುರು ಮಾಡಿದ ಮೇಲೆ ಅದನ್ನು ಮುಚ್ಚಿ ಮನೆಯ ಪಡಸಾಲೆಗೆ ಬಂದು ಕುಳಿತರು. ನಾನು ಹುನಗುಂದದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಆನ್‌ಲೈನ್ ಅರ್ಜಿಗಳನ್ನೂ ತುಂಬುತ್ತೇನೆ. ಚಾಚಾನ ಗಡಿಯಾರಗಳ ಫೋಟೋ ತೆಗೆದು ಹರಾಜಿನ ಸೈಟಿಗೆ ಹಾಕುವವನು, ಬಿಡ್ ಏರಿದ ಸುದ್ದಿ ಮುಟ್ಟಿಸುವವನು, ಗೆದ್ದವರಿಗೆ ಹುಲ್ಲು, ಥರ್ಮಾಕೋಲು ತುಂಬಿ ಡಬ್ಬಿ ಕಟ್ಟಿ ಕಳಿಸುವವನು ನಾನೇ.

ಇದಲ್ಲದೆ ನನಗೆ ಇನ್ನೊಂದು ಕೆಲಸವಿದೆ. ಯಾರೂ ಹೇಳದಿದ್ದರೂ ಮಾಡುವ ಕೆಲಸ: ಮಂದಿಯ ದನಿ ತೆಗೆಯುವುದು. ಹುನಗುಂದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಎಲ್ಲ ಊರುಗಳ ಹೆಸರನ್ನೂ ಒಂದೇ ಉಸಿರಿಗೆ ಹೇಳುವವನಿಂದ ಹಿಡಿದು, ಸಾಲ ಕೊಟ್ಟವರು ಫೋನ್ ಮಾಡಿದಾಗ ಜ್ವರ ಬಂದವನಂತೆ ಮಾತಾಡುವ ನಮ್ಮಪ್ಪನವರೆಗೆ ಎಲ್ಲರೂ ನನ್ನ ಬಾಯಲ್ಲಿ ಇದ್ದಾರೆ. ಹುಡುಗಿ ನೋಡಲು ಹೋದ ಮನೆಯಲ್ಲಿ ನಾನು ಒತ್ತಿ ಒತ್ತಿ ಆಡುವ ಬೆಂಗಳೂರಿನ ಕನ್ನಡವನ್ನೂ ನಾನೇ ಅಣಕಿಸಿ ತೋರಿಸುತ್ತೇನೆ. ಆ ಸಂಬಂಧ ಕುದುರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಚಾಚಾನದೂ ಒಂದು ದನಿ ನನ್ನಲ್ಲಿತ್ತು. ಕಳೆದ ಕೆಲವು ತಿಂಗಳಿಂದ ಯಾರು ಏನು ಹೇಳಿದರೂ ಅವರು ಮೊದಲು ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ "ಆಂ? ಏನಂದಿ?" ಎನ್ನುತ್ತಿದ್ದರು. ನನಗೆ ಅದು ಬಂಗಾರ ಸಿಕ್ಕಂತಾಗಿತ್ತು. ಓಣಿಯ ಕಟ್ಟೆಯ ಮೇಲೆ ಕುಳಿತು ಅದೇ ಕತ್ತು, ಅದೇ ಕಣ್ಣು ಕಿರಿದಾಗಿಸುವುದು, ಅದೇ "ಆಂ?" ಮಾಡಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಚಾಚಾ ಸ್ವತಃ ನೋಡಿ ನಕ್ಕಿದ್ದರು. ಅದನ್ನು ಮಾಡುವಾಗ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ. ಅಣಕಿಸುವವನಿಗೆ ಹೇಗೆ ಎಂಬುದು ಸಿಕ್ಕರೆ ಸಾಕು, ಯಾಕೆ ಎಂಬುದು ಬೇಕಾಗುವುದಿಲ್ಲ.

ಹರಾಜಿನ ಸೈಟಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ವ್ಯವಹಾರ ಮುಗಿದ ಮೇಲೆ ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಎರಡು ಸಾಲು ಬರೆಯಬೇಕು. ಅದೇ ಫೀಡ್‌ಬ್ಯಾಕು. ಮುಂದೆ ಕೊಳ್ಳುವವರು ಅದನ್ನು ಓದಿಯೇ ನಂಬುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಾರೆ. ಯಾರು ಮೊದಲು ಬರೆಯಬೇಕೆಂಬುದು ಮಾತ್ರ ಬಗೆಹರಿದಿಲ್ಲ. ಬಾಗಿಲಲ್ಲಿ ಇಬ್ಬರು ಬೀಗರು ನಿಂತು ನೀವು ಮೊದಲ, ಏ ಏ ನೀವು ಮೊದಲ ಎನ್ನುತ್ತ ಇಬ್ಬರೂ ಹೊರಗೇ ಉಳಿದಂತೆ, ಇಬ್ಬರೂ ಬರೆಯದೆ ವಾರಗಟ್ಟಲೆ ಕಾಯುವುದುಂಟು. ಅವನು ಹೊಗಳಿದರೆ ನಾನು ಹೊಗಳುತ್ತೇನೆ, ಅವನು ತೆಗಳಿದರೆ ನಾನು ಬಿಡುವುದಿಲ್ಲ ಎಂಬ ಲೆಕ್ಕ.

ಚಾಚಾಗೆ ಈ ಲೆಕ್ಕ ಹಿಡಿಸಲಿಲ್ಲ. ನಮ್ಮ ಮನೆಯಿಂದ ಹೋಳಿಗೆ ಹಾಕಿಕೊಂಡು ಹೋದ ಬಟ್ಟಲು ಅವರ ಮನೆಯಿಂದ ಖಾಲಿ ವಾಪಸು ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ತಳದಲ್ಲಿ ಇರುತ್ತದೆ. ಫೀಡ್‌ಬ್ಯಾಕು ಎಂದರೆ ಅಂಥ ಬಟ್ಟಲೇ ಎಂದು ಅವರು ತಿಳಿದಿದ್ದರು. ದುಡ್ಡು ಬಂದ ದಿನವೇ ಕೊಂಡವರ ಬಗ್ಗೆ ಒಳ್ಳೆಯ ಮಾತು ಬರೆಸುತ್ತಿದ್ದರು, ಅವರು ಬರೆಯಲಿ ಬಿಡಲಿ. ಇನ್ನೊಂದು ವಿಷಯದಲ್ಲಿ ಬಹಳ ಬಿಗಿ. ದೂರು ಇದ್ದರೆ ಮೊದಲು ಆ ಮನುಷ್ಯನಿಗೇ ಹೇಳಬೇಕು, ಸರಿಪಡಿಸಲು ಒಂದು ಅವಕಾಶ ಕೊಡಬೇಕು, ಅಷ್ಟಾದರೂ ಆಗದಿದ್ದರೆ ಮಾತ್ರ ನಾಲ್ಕು ಮಂದಿ ಓದುವಲ್ಲಿ ಬರೆಯಬೇಕು. ಒಮ್ಮೆ ಒಬ್ಬ ದುಡ್ಡು ಕೊಡದೆ ಎರಡು ವಾರ ಓಡಾಡಿಸಿದಾಗಲೂ ಅವನ ಬಗ್ಗೆ ನನಗೆ ಕೆಟ್ಟದ್ದು ಬರೆಯಲು ಬಿಡಲಿಲ್ಲ.

ಪ್ರತಿ ಶುಕ್ರವಾರ ಚಾಚಾ ನಮಾಜು ಮುಗಿಸಿ ಬಂದ ಮೇಲೆ ಪಡಸಾಲೆಯಲ್ಲಿ ಚಹಾ ಆಗುತ್ತಿತ್ತು. ಆ ವಾರ ಬಂದ ಫೀಡ್‌ಬ್ಯಾಕುಗಳನ್ನು ನಾನು ಓದಬೇಕು, ಬರೆದವರು ಹೇಗಿರಬಹುದೆಂದು ಊಹಿಸಿ ಅವರ ದನಿಯಲ್ಲಿ. ಎಲ್ಲವೂ ಹೊಗಳಿಕೆ. ಐದಕ್ಕೆ ಐದು ಸ್ಟಾರು. ಚಾಚಾನ ಹೆಂಡತಿ ಚಾಚಿ ಒಳಗಿಂದ ಬಂದು ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಒಂದು ಶುಕ್ರವಾರ ಓದು ಮುಗಿದಾಗ ಅವರ ಮುಖದಲ್ಲಿ ನಗುವಿರಲಿಲ್ಲ. ಚಾಚಾ ಕೈ ತೊಳೆಯಲು ಹೋದ ಹೊತ್ತು ನೋಡಿ ನನ್ನ ಹತ್ತಿರ ಬಂದರು.

"ಎಲ್ಲಾರೂ ಹಿಂಗ ಹೊಗಳಾಕತ್ರ ನಜರ್ ಹತ್ತೂದಿಲ್ಲೇನು? ಕೂಸಿನ ಗಲ್ಲಕ್ಕ ಕಾಡಿಗಿ ಚುಕ್ಕಿ ಇಡೂದಿಲ್ಲ? ಎಲ್ಲೆರ ಒಂದ ಕರೀ ಚುಕ್ಕಿ ಇರ್ಲಿ ಅದರಾಗ. ಭಾಳ ಬ್ಯಾಡ, ಸಣ್ಣದು."

ಅವರು ಪೂರ್ತಿ ತಮಾಷೆಗೆ ಹೇಳಲಿಲ್ಲ, ಪೂರ್ತಿ ನಿಜಕ್ಕೂ ಹೇಳಲಿಲ್ಲ. ನನಗೆ ಅದು ವಿಚಿತ್ರವಾಗಿ ಕಾಣಲೂ ಇಲ್ಲ. ನಮ್ಮವ್ವ ಹೊಸ ಟಗರು ತಂದ ದಿನವೇ ಅದರ ಕೊರಳಿಗೆ ಕರಿದಾರ ಕಟ್ಟುವವಳು. ನನ್ನ ಅಂಗಡಿಯ ಶಟರಿಗೆ ಹಳೆಯ ಚಪ್ಪಲಿ ನೇತುಹಾಕಿ ಬಂದವಳು. ಬೀರಪ್ಪನ ಭಂಡಾರ ಹಚ್ಚುವ ನಮ್ಮ ಮನೆಗೂ ಅವರ ಮನೆಗೂ ಗೋಡೆಯೂ ಒಂದೇ, ನಜರಿನ, ಅಂದರೆ ದೃಷ್ಟಿ ತಾಗುವ, ಅಂಜಿಕೆಯೂ ಒಂದೇ. ಹೀಗಾಗಿ ಬಾದಾಮಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ಚಾಚಾನಿಂದ ಖರೆಖರೆ ಗಡಿಯಾರ ಕೊಂಡವನು, ಫೀಡ್‌ಬ್ಯಾಕು ಬರೆಯುವುದು ಬಾಕಿ ಇತ್ತು. ಚಾಚಾಗೆ ಓದಿ ತೋರಿಸಿ, ಚಾಚಿಯೂ ನಾನೂ ನಕ್ಕು, ಚಹಾ ಮುಗಿಯುವುದರೊಳಗೆ ಅಳಿಸಿಬಿಡುವುದು ನನ್ನ ಯೋಜನೆ. ಕನ್ನಡದಲ್ಲೇ ಬರೆಸಿದ್ದು ಚಾಚಿಗೆ ತಿಳಿಯಲಿ ಎಂದು. ಆ ಕನ್ನಡವೇ ನನ್ನನ್ನು ಹಿಡಿದುಕೊಟ್ಟಿತು.

ಮುಂದಿನ ಶುಕ್ರವಾರ ಮಧ್ಯಾಹ್ನ ನಾನು ಹುನಗುಂದದಿಂದ ಬಂದು ನಮ್ಮ ಮನೆಯಲ್ಲಿ ಕಾಲು ತೊಳೆಯುವಾಗ ಏನೋ ಸರಿಯಿಲ್ಲ ಎನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆ ಸುಮ್ಮನಿತ್ತು. ಚಾಚಾ ಪಡಸಾಲೆಗೆ ಬಂದು ಕುಳಿತಾಗಿನಿಂದ ಆ ಗೋಡೆಯ ಆಚೆ ಗಡಿಯಾರಗಳು ಟಕಟಕ ಎನ್ನುತ್ತಲೇ ಇದ್ದವು. ಗಂಟೆಗೊಮ್ಮೆ ಒಂದು ಮುಗಿಸುವುದರೊಳಗೆ ಇನ್ನೊಂದು ಶುರು ಮಾಡುತ್ತಿತ್ತು. ಈಗ ಒಂದೂ ಇಲ್ಲ.

ಹೋಗಿ ನೋಡಿದರೆ ಚಾಚಾ ಎಲ್ಲ ಗಡಿಯಾರಗಳ ಲೋಲಕವನ್ನೂ ನಿಲ್ಲಿಸಿ, ಒಂದನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಅದು ಆ ವಾರ ಹರಾಜಿಗೆ ಹಾಕಿದ ಗಡಿಯಾರ, ಮರುದಿನ ಸಂಜೆ ಬಿಡ್ ಮುಗಿಯುವುದಿತ್ತು. ಚಾಚಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ ರೀತಿಗೆ ಚಹಾದ ಆಸೆ ಹೋಯಿತು. ಚಾಚಾ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಸೈಟು ಅವರ ಫೋನಿನಲ್ಲೂ ಇತ್ತು. ಟೈಪ್ ಮಾಡಲು ಬರದಿದ್ದರೂ ಕನ್ನಡ ಓದಲು ಅವರಿಗೆ ಬರುತ್ತಿತ್ತು.

ಬಾಗಲಕೋಟೆಯಿಂದ ಒಂದು ಪ್ರಶ್ನೆ ಬಂದಿತ್ತು. ಅತಿ ಹೆಚ್ಚಿನ ಬಿಡ್ ಹಾಕಿದ್ದವರು ಅಲ್ಲಿಯ ನಿವೃತ್ತ ಅಕ್ಕೋರು ಒಬ್ಬರು, ಸಾಲೆಯಲ್ಲಿ ಕಲಿಸಿ ಮನೆಯಲ್ಲಿ ಇರುವವರು. ನಿಮ್ಮ ಬಗ್ಗೆ ಈಗಷ್ಟೇ ಬಂದ ಫೀಡ್‌ಬ್ಯಾಕು ನೋಡಿದೆ, ಬಿಡ್ ಹಿಂದೆ ತೆಗೆದುಕೊಳ್ಳುವ ಮೊದಲು ಕೇಳುವುದು ರೀತಿ ಎಂದು ಕೇಳುತ್ತಿದ್ದೇನೆ ಎಂದು ಬರೆದಿದ್ದರು. ಅವರ ತಾಯಿಗೆ ಕಣ್ಣು ಕಾಣುವುದಿಲ್ಲವಂತೆ. ಮನೆಯ ಹಳೆಯ ಗಡಿಯಾರ ಕೆಟ್ಟ ದಿನದಿಂದ ಹೊತ್ತು ಎಷ್ಟಾಯಿತೆಂದು ಕೇಳಿ ಕೇಳಿ ಆಕೆಗೆ ಬೇಸರವಾಗಿದೆಯಂತೆ. ಗಂಟೆ ಎಣಿಸಿ ತಾವೇ ತಿಳಿದುಕೊಳ್ಳಲಿ ಎಂದು ಇದನ್ನು ನೋಡಿದ್ದೇವೆ, ಇದು ಎಣಿಕೆ ತಪ್ಪುವುದಿಲ್ಲವೆಂದು ನೀವು ಹೇಳಿದರೆ ಸಾಕು, ನಂಬುತ್ತೇನೆ ಎಂದು ಕೊನೆಯ ಸಾಲು.

ಹ್ಞೂಂ ಅಂತ ಬರೆದರೆ ಮುಗಿಯಿತಲ್ಲ ಎಂದೆ. ಬರೆಯಲು ಬೆರಳನ್ನೂ ಎತ್ತಿದೆ.

"ನಾ ಹ್ಞೂಂ ಅಂತ ಹೆಂಗ ಬರಸ್ಲಿ?" ಚಾಚಾ ಅಂದರು. "ಬಾದಾಮಿಗೆ ಕೊಟ್ಟಾಗನೂ ಎಣಿಸೇ ಕೊಟ್ಟಿದ್ದೆ. ಹನ್ನೆರಡು ಬಂದಿತ್ತು. ಈಗ ಅಲ್ಲಿ ಹನ್ನೊಂದ ಅನ್ನಾಕತ್ತಾರ. ಅದು ಹನ್ನೊಂದ ಹೊಡೀತಿದ್ರ, ನಾ ಅವತ್ತ ಹನ್ನೆರಡು ಯಾವ ಕಿವೀಲೆ ಕೇಳಿದೆ?"

ಅವರು ಸಿಟ್ಟಾಗಿದ್ದರೆ ನಾನು ಹೇಗಾದರೂ ನಗಿಸಿ ದಾಟಿಸುತ್ತಿದ್ದೆ. ಸಿಟ್ಟಾಗಿರಲಿಲ್ಲ. ಕೆಲವು ತಿಂಗಳಿಂದ ತಮ್ಮ ಎಡಗಿವಿಯ ಮೇಲೆ ಅನುಮಾನವಿದೆ, ಯಾರಿಗೂ ಹೇಳಿಲ್ಲ ಎಂದು ಮೆಲ್ಲಗೆ ಹೇಳಿದರು, ಚಾಚಿಗೆ ಕೇಳದ ಹಾಗೆ. ಗಡಿಯಾರದ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು, ಕೊನೆಗೆ ಕಿವಿ ಬೇಕು. ಕಿವಿ ಹೋದ ಮೇಲೆ ಮಂದಿಗೆ ಗಡಿಯಾರ ಕೊಡುವುದು ಮೋಸ. ಬಾದಾಮಿಗೆ ಹೋಗಿ ತಾವೇ ಕೇಳಿ ನೋಡುವುದು, ತಪ್ಪು ಇದ್ದರೆ ಈ ಹರಾಜು ರದ್ದು ಮಾಡುವುದು, ಉಳಿದ ಗಡಿಯಾರಗಳನ್ನು ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುವುದು. ಇಷ್ಟನ್ನೂ ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಹೇಳಬೇಕಾದ ಹೊತ್ತು ಅದೇ. ಬಾಯಿ ತೆರೆದೆ. ಇಪ್ಪತ್ತು ಮಂದಿಯ ದನಿ ಇರುವ ಬಾಯಿಂದ ನನ್ನ ದನಿ ಒಂದು ಹೊರಬರಲಿಲ್ಲ. ಬದಲಿಗೆ, ಫೀಡ್‌ಬ್ಯಾಕು ಅಳಿಸಲು ದಾರಿಯಿದೆ, ನಾವು ಕೇಳಿಕೊಂಡರೆ ಬರೆದವನು ತಿದ್ದಬಹುದು, ನನ್ನ ಗೆಳೆಯನೇ ಅಲ್ಲವೇ, ಈಗಲೇ ಹೇಳುತ್ತೇನೆ ಎಂದೆ.

"ಅಳಿಸಿದ್ರ ಗಡಿಯಾರ ರಿಪೇರಿ ಆಗತೈತೇನು?" ಎಂದು ಕೇಳಿ, ಚಾಚಾ ಚೀಲಕ್ಕೆ ಸ್ಕ್ರೂಡ್ರೈವರು, ಇಕ್ಕಳ, ಎಣ್ಣೆಯ ಸಣ್ಣ ಬಾಟಲಿ ಹಾಕತೊಡಗಿದರು.

ಶನಿವಾರ ಬೆಳಗಿನ ಬಸ್ಸಿಗೆ ಹೊರಟೆವು. ಚೀಲವನ್ನು ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡರು. ಹುನಗುಂದದಲ್ಲಿ ಬಸ್ಸು ನಿಂತಾಗ ಮೈಕಿನವನು ಊರುಗಳನ್ನು ಒದರುತ್ತಿದ್ದ. ನಾನು ಅಭ್ಯಾಸಬಲದಿಂದ ಅವನ ಜೊತೆಗೇ ಒದರಿದೆ. ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ಚಾಚಾ ಕಿಟಕಿಯಾಚೆ ನೋಡುತ್ತಿದ್ದರು. ಕೇಳಿಸಿರಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ ನನಗೆ ತಿಳಿಯಲಿಲ್ಲ. ಆ ದಿನ ಮೊದಲ ಸಲ ನನಗೆ ಅದು ಮುಖ್ಯವೆನಿಸಿತು. ಅವರ ಎಡಕ್ಕೆ ಕುಳಿತವನು ನಾನು. ಎಷ್ಟೋ ದಿನದಿಂದ ಅವರು ತಲೆಯನ್ನು ಎಡಕ್ಕೆ ಯಾಕೆ ತಿರುಗಿಸುತ್ತಿದ್ದರು ಎಂದು ಅಲ್ಲಿ ಹೊಳೆಯಿತು. ಬಲಗಿವಿಯನ್ನು ಮಾತಿನ ಕಡೆ ತರುತ್ತಿದ್ದರು, ಅಷ್ಟೇ. ನಾನು ಅದಕ್ಕೆ ಕತ್ತು, ಕಣ್ಣು, "ಆಂ?" ಎಲ್ಲ ಸೇರಿಸಿ ಓಣಿಗೆ ಹಂಚಿದ್ದೆ.

ಅಮೀನಗಡದಲ್ಲಿ ಇಳಿದು ಕರದಂಟು ತಂದೆ. ಲಂಚ ಕೊಡುವವನ ಹಾಗೆ ಮುಂದೆ ಹಿಡಿದೆ. ಅವರು ಒಂದು ತುಂಡು ಮುರಿದು ಕೈಯಲ್ಲೇ ಇಟ್ಟುಕೊಂಡರು. ಬಸ್ಸು ಹೊರಟ ಮೇಲೆ ಗೆಳೆಯನಿಗೆ ಮೆಸೇಜು ಹಾಕಿದೆ: ಚಾಚಾ ಬರಾಕತ್ತಾರ, ಗಡಿಯಾರ ಮುಟ್ಟಬ್ಯಾಡ. ಅವನ ಉತ್ತರ ಕೂಡಲೇ ಬಂತು: ಮುಟ್ಟೂದಿಲ್ಲ, ನಾ ಏನ್ ಹೇಳ್ಲಿ? ಏನೂ ಹೇಳಬ್ಯಾಡ ಎಂದೆ. ಅವನು ಮತ್ತೆ ಕೇಳಿದ: ಮತ್ತ ನೀ ಏನ್ ಹೇಳ್ತಿ? ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಗೆಳೆಯನ ಖಾನಾವಳಿ ಬಸ್ ನಿಲ್ದಾಣದಿಂದ ದೂರವಿಲ್ಲ. ಬೋರ್ಡಿನ ಮೇಲೆ ಒಂದು ಮಂಗ ಕುಳಿತು ಯಾರದೋ ಬಿಸ್ಕೀಟು ತಿನ್ನುತ್ತಿತ್ತು. ಒಳಗೆ ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಇಬ್ಬರು ಡ್ರೈವರುಗಳು ಮಾತ್ರ ಬೇಗ ರೊಟ್ಟಿ ಹಾಕಿಸಿಕೊಂಡು ಕುಳಿತಿದ್ದರು. ದುಡ್ಡು ಎಣಿಸುವ ಗಲ್ಲೆಯ ಹಿಂದಿನ ಗೋಡೆಯ ಮೇಲೆ ಗಡಿಯಾರ, ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಬಾಕಿ. ಗೆಳೆಯ ಎದ್ದು ನಿಂತ. ನಾನು ಅವನ ಕಣ್ಣು ತಪ್ಪಿಸಿದೆ.

ಆಮೇಲೆ ನಡೆದದ್ದನ್ನು ನಾನು ಯಾರ ದನಿಯಲ್ಲೂ ಹೇಳಿ ನಗಿಸಲಾರೆ. ಚಾಚಾ ಅವನ ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ನೀ ನನಗ ಒಂದ ಮಾತು ಹೇಳಿದ್ರ ಅವತ್ತ ಬರ್ತಿದ್ದೆ, ಆದರೂ ನಿಂದ ತಪ್ಪಿಲ್ಲ, ತ್ರಾಸ ಆತಲ್ಲ ನಿನಗ ಎಂದರು. ಗೆಳೆಯ ಜೋಳದ ರೊಟ್ಟಿಯ ಹಾಗೆ ಬಿಳಿಚಿಕೊಂಡ. ಕುಡಿಯಲು ನೀರು ಕೊಡುತ್ತೇನೆಂದು ಒಳಗೆ ಹೋದವನು ಬರಲೇ ಇಲ್ಲ, ಒಳಗಿನ ಬಾಗಿಲಿಂದ ಇಣುಕುತ್ತ ನಿಂತ.

ಚಾಚಾ ಗಡಿಯಾರದ ಎದುರಿನ ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ಗಂಟೆ ಎಣಿಸುವಾಗ ಅವರು ಯಾವಾಗಲೂ ಕಣ್ಣು ಮುಚ್ಚುತ್ತಾರೆ. ಬಲಗೈ ಮೊಣಕಾಲ ಮೇಲೆ ಅಂಗಾತ ಇತ್ತು. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು. ಹೆಬ್ಬೆರಳು ಒಂದೊಂದು ಗಂಟೆಗೆ ಒಂದೊಂದು ಗೆಣ್ಣು ದಾಟಿ, ಹನ್ನೆರಡನೆಯದಕ್ಕೆ ಕಿರುಬೆರಳಿನ ಕೊನೆಯ ಗೆಣ್ಣಿಗೆ ಬಂದು ನಿಲ್ಲಬೇಕು. ನಾನು ಗಡಿಯಾರ ನೋಡಲಿಲ್ಲ, ಆ ಹೆಬ್ಬೆರಳನ್ನು ನೋಡುತ್ತಿದ್ದೆ.

ಗಂಟೆ ಹೊಡೆಯುವ ಮೊದಲು ಹಳೆಯ ಗಡಿಯಾರ ಒಳಗೊಳಗೇ ಕರ್ರ್ ಎಂದು ಸಣ್ಣಗೆ ಗಂಟಲು ಸರಿಮಾಡಿಕೊಳ್ಳುತ್ತದೆ. ಅದು ಕೇಳಿತು, ನನಗೆ. ಡ್ರೈವರೊಬ್ಬ ಕೂಡ ತಲೆ ಎತ್ತಿದ. ಚಾಚಾ ಅಲುಗಲಿಲ್ಲ. ಮೊದಲನೆಯ ಗಂಟೆ ಹೊಡೆಯಿತು. ಹೆಬ್ಬೆರಳು ಇದ್ದಲ್ಲೇ ಇತ್ತು. ಎರಡನೆಯದಕ್ಕೆ ಎಚ್ಚರಾದ ಹಾಗೆ ಅದು ಮೊದಲ ಗೆಣ್ಣಿಗೆ ಹೋಯಿತು. ಅಲ್ಲಿಂದ ಒಂದೂ ತಪ್ಪಲಿಲ್ಲ, ಒಂದೊಂದೇ ದಾಟುತ್ತ ಬಂದು, ಗಡಿಯಾರ ಸುಮ್ಮನಾದಾಗ ಕಿರುಬೆರಳಿನ ನಡುವಿನ ಗೆಣ್ಣಿನ ಮೇಲೆ ನಿಂತಿತು. ಕೊನೆಯ ಗೆಣ್ಣು ಖಾಲಿ ಉಳಿಯಿತು.

"ಹನ್ನೊಂದು," ಅಂದರು ಚಾಚಾ, ಕಣ್ಣು ತೆರೆದು. "ಖರೆ ಬರದಾನ ಹುಡುಗ."

ಚೀಲದ ಬಾಯಿ ಬಿಚ್ಚಿದರು.

ನನಗೆ ಎರಡು ದಾರಿ ಇದ್ದವು, ಎರಡೂ ಕೆಟ್ಟವು. ಸುಮ್ಮನಿದ್ದರೆ ಅವರು ಏನೂ ಆಗದ ಗಡಿಯಾರವನ್ನು ಬಿಚ್ಚಿ, ಇಲ್ಲದ ತಪ್ಪು ಹುಡುಕಿ, ಸಿಗದೆ, ತಮ್ಮ ಕೈಯನ್ನೇ ಬೈದುಕೊಂಡು ಮನೆಗೆ ಹೋಗುತ್ತಾರೆ. ಸಂಜೆಯೊಳಗೆ ಅಕ್ಕೋರಿಗೆ ಇಲ್ಲ ಎಂದು ಬರೆಸುತ್ತಾರೆ. ಗಡಿಯಾರ ಸರಿಯಾಗಿದೆ ಎಂದು ಹೇಳಿದರೆ, ಕೆಟ್ಟದ್ದು ಕಿವಿ ಎಂದು ಹೇಳಿದ ಹಾಗೆ. ಸುಳ್ಳು ಹೇಳಿದ ನಾನೇ ಈಗ ಖರೆ ಹೇಳಿ ಅವರನ್ನು ಇನ್ನೂ ಕೆಳಕ್ಕೆ ತಳ್ಳಬೇಕಾಗಿತ್ತು. ಸ್ಕ್ರೂಡ್ರೈವರು ಹೊರಗೆ ಬಂತು. ಅವರು ಬೆಂಚಿನ ಮೇಲೆ ಹತ್ತಿ ಗಡಿಯಾರಕ್ಕೆ ಕೈ ಹಾಕಿದಾಗ ನಾನು ಅವರ ಬಲಗಡೆಗೆ ಹೋಗಿ ನಿಂತೆ.

"ಚಾಚಾ, ಬಿಚ್ಚಬ್ಯಾಡ್ರಿ. ಹನ್ನೆರಡ ಹೊಡದೈತಿ. ಆ ಫೀಡ್‌ಬ್ಯಾಕ್ ನಾ ಬರಸಿದ್ದು."

ಅವರು ಕೆಳಗೆ ನೋಡಿದರು. ನಾನು ಎಲ್ಲವನ್ನೂ ಹೇಳಿದೆ: ನಜರು, ಕರೀ ಚುಕ್ಕಿ, ಮಾಸ್ತರರ ಮೂಗು, ಚಹಾದ ಹೊತ್ತಿಗೆ ಓದಿ ಅಳಿಸಬೇಕೆಂದಿದ್ದದ್ದು. ಚಾಚಿಯ ಹೆಸರು ಬಿಡಬೇಕೆಂದಿದ್ದೆ, ಅದೂ ಬಾಯಿಂದ ಬಿದ್ದುಹೋಯಿತು. ಚಾಚಾ ನನ್ನನ್ನು ಬಿಟ್ಟು ಒಳಬಾಗಿಲ ಕಡೆ ತಿರುಗಿ ಎಷ್ಟು ಹೊಡೀತು ಎಂದು ಕೇಳಿದರು. ಗೆಳೆಯ ಹನ್ನೆರಡ್ರಿ ಎಂದ, ನೆಲ ನೋಡುತ್ತ. ನಂಬಿಕೆಯಾಗಲಿಲ್ಲವೇನೋ, ಡ್ರೈವರೊಬ್ಬನ ಕಡೆ ನೋಡಿದರು. ಆತ ರೊಟ್ಟಿ ಮುರಿಯುವುದನ್ನು ಬಿಟ್ಟು, ಹನ್ನೆರಡ ಹೊಡೀತಲ್ರಿ ಅಜ್ಜಾರ, ಯಾಕ ಎಂದು ಕೇಳಿದ.

ಚಾಚಾ ಬೆಂಚಿನಿಂದ ಇಳಿದು ಕುಳಿತರು. ಬಲಗೈಯನ್ನು ತಿರುಗಿಸಿ ಆ ಖಾಲಿ ಉಳಿದ ಗೆಣ್ಣನ್ನು ಹೆಬ್ಬೆರಳಿಂದ ಒಮ್ಮೆ ಒತ್ತಿದರು. ಒಳಗೆ ರೊಟ್ಟಿ ತಟ್ಟುವ ಸಪ್ಪಳ ಮಾತ್ರ ಬರುತ್ತಿತ್ತು. ಅವರು ಹೊಡೆದಿದ್ದರೆ ನಾನು ಉಸಿರಾಡುತ್ತಿದ್ದೆ.

"ಚುಕ್ಕಿ ಇಡೂದಾದ್ರ ಗಲ್ಲಕ್ಕ ಇಡ್ತಾರ," ಅಂದರು ಕೊನೆಗೆ. "ನೀ ಕಣ್ಣಾಗ ಇಟ್ಟಿ."

ನಾನು ಸ್ಕ್ರೂಡ್ರೈವರನ್ನು ಎತ್ತಿ ಚೀಲಕ್ಕೆ ಹಾಕಿದೆ.

"ನನ್ನ ಆಂ ಆಂ ಮಾಡಿ ತೋರಿಸ್ತಿದ್ದಿ. ಮಂದಿ ನಕ್ಕರು, ನಾನೂ ನಕ್ಕೆ. ಇಷ್ಟ ಬರೋಬ್ಬರಿ ಮಾಡಾಂವ, ಚಾಚಾ ನಿನಗ ಕೇಳೂದಿಲ್ಲೇನು ಅಂತ ಒಮ್ಮಿ ಕೇಳಬೇಕಿತ್ತಿಲ್ಲೋ, ಬೇಟಾ."

ಅವರು ಉತ್ತರಕ್ಕೆ ಕಾಯಲಿಲ್ಲ. ಕರ್ರ್ ಎನ್ನುವ ಸಪ್ಪಳ ಬಂತೇನು ಎಂದು ಕೇಳಿದರು. ಬಂತು ಎಂದೆ. ಆಮೇಲೆ ಅವರೇ ವಿವರಿಸಿದರು, ನನಗೋ ತಮಗೋ ತಿಳಿಯದ ಹಾಗೆ: ಮೊದಲೆಲ್ಲ ಆ ಕರ್ರ್ ಕೇಳಿದ ಕೂಡಲೇ ಹೆಬ್ಬೆರಳು ತಯಾರಾಗುತ್ತಿತ್ತು. ಈಗ ಅದು ಕೇಳುವುದಿಲ್ಲ. ಮೊದಲ ಗಂಟೆ ಹೇಳದೆ ಕೇಳದೆ ಬಂದು ಹೋಗುತ್ತದೆ.

ಮತ್ತೊಮ್ಮೆ ನೋಡೋಣ ಎಂದರು. ಎದ್ದು ಗಡಿಯಾರದ ಗಾಜಿನ ಬಾಗಿಲು ತೆಗೆದು, ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸತೊಡಗಿದರು. ಒಂದಕ್ಕೆ ನಿಲ್ಲಿಸಿ ಹೊಡೆಯಲು ಬಿಟ್ಟರು, ಎರಡಕ್ಕೆ ನಿಲ್ಲಿಸಿ ಬಿಟ್ಟರು. ಹಾಗೆಯೇ ಒಂದು ಇಡೀ ಅರ್ಧ ದಿನವನ್ನು ಖಾನಾವಳಿಯ ಗೋಡೆಯ ಮೇಲೆ ದಾಟಿಸಿದರು. ಡ್ರೈವರುಗಳು ಊಟ ಮುಗಿದರೂ ಏಳಲಿಲ್ಲ. ಹನ್ನೊಂದು ದಾಟಿದ ಮೇಲೆ ಮುಳ್ಳನ್ನು ನನ್ನ ಕೈಗೆ ಕೊಟ್ಟು, ಬೆಂಚಿಗೆ ಬಂದು ಕಣ್ಣು ಮುಚ್ಚಿ, ಕರ್ರ್ ಅಂದ ಕೂಡಲೇ ಹೇಳು ಎಂದರು. ಈಗ ಎಂದೆ, ನನ್ನ ದನಿಯಲ್ಲೇ. ಮೊದಲ ಗಂಟೆಗೆ ಹೆಬ್ಬೆರಳು ಮೊದಲ ಗೆಣ್ಣಿಗೆ ಬಂತು. ಗಡಿಯಾರ ಸುಮ್ಮನಾದಾಗ ಅದು ಕಿರುಬೆರಳಿನ ಕೊನೆಯ ಗೆಣ್ಣಿನ ಮೇಲಿತ್ತು.

ಚಾಚಾ ಮುಳ್ಳನ್ನು ನಡೆಯುವ ವೇಳೆಗೆ ತಂದು, ಬಾಗಿಲು ಮುಚ್ಚಿ, ಚೀಲ ಕಟ್ಟಿದರು. ನನಗೆ ಎಲ್ಲವೂ ಹಗುರಾದ ಹಾಗಾಯಿತು, ಅದು ಇನ್ನೂ ಬೇಗ ಎಂದು ತಿಳಿಯದೆ. ಗೆಳೆಯನನ್ನು ಕರೆದು, ಚಾಚಾ, ನಾವು ಈಗಲೇ ತಿದ್ದಲು ಕೇಳುತ್ತೇವೆ, ಇವನು ಒಪ್ಪಿ ಅಳಿಸಿಬಿಡುತ್ತಾನೆ, ಐದು ಸ್ಟಾರು ವಾಪಸು ಬರುತ್ತವೆ, ಅಕ್ಕೋರಿಗೂ ಏನೂ ತಿಳಿಯುವುದಿಲ್ಲ ಎಂದೆ. ಗೆಳೆಯ ಆಗಲೇ ಫೋನ್ ಕೈಗೆ ತೆಗೆದುಕೊಂಡಿದ್ದ.

ಚಾಚಾ ಬೇಡ ಎಂದರು. ಓದಿದವರು ಓದಿಬಿಟ್ಟಿದ್ದಾರೆ. ಮನೆಯಲ್ಲಿ ಕಣ್ಣು ಕಾಣದ ಮುದುಕಿ ಇರುವವರು ಕೇಳಿದ್ದಾರೆ, ಅವರಿಗೆ ಏನಾಯಿತು ಎಂದು ತಿಳಿಯಬೇಕು. ಕೆಟ್ಟ ಫೀಡ್‌ಬ್ಯಾಕಿನ ಕೆಳಗೆ ಮಾರಿದವನು ಉತ್ತರ ಬರೆಯಲು ಜಾಗ ಇರುತ್ತದಲ್ಲ, ಅಲ್ಲಿ ಬರೆ ಎಂದರು. ನಾನು ತಡೆದೆ. ಅಲ್ಲಿ ಬರೆದದ್ದನ್ನು ಯಾರೂ ಅಳಿಸಲಾಗುವುದಿಲ್ಲ, ಎಲ್ಲರೂ ಓದುತ್ತಾರೆ, ನಿಮ್ಮ ಕಿವಿಯ ಸುದ್ದಿ ಇಡೀ ದೇಶಕ್ಕೆ ಯಾಕೆ ಎಂದು ಕೇಳಿದೆ. ಅವರು ನನ್ನ ಫೋನಿನ ಕಡೆ ಬೆರಳು ಮಾಡಿದರು. ಬರೆದೆ. ಅಂದು ಸಂಜೆ ಬಾಗಲಕೋಟೆಯ ಅಕ್ಕೋರು ಬಿಡ್ ಹಿಂದೆ ತೆಗೆದುಕೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಗೋಡೆಯ ಆಚೆ ಎಲ್ಲ ಗಡಿಯಾರಗಳೂ ಮತ್ತೆ ಒಂದರ ಮೇಲೊಂದು ಬಿದ್ದು ಹೊಡೆಯತೊಡಗಿದವು; ನಾನು ಹಲ್ಲುಜ್ಜುತ್ತ ನಿಂತಿದ್ದವನು ಎಣಿಸಲು ಓಡಬೇಕಾಯಿತು. ಬಾದಾಮಿಯ ಆ ಬೆಂಚಿನ ಮೇಲೆ ಕುಳಿತು, ನಗದೆ, ನಿಲ್ಲಿಸಿ ನಿಲ್ಲಿಸಿ, ಚಾಚಾ ಹೇಳಿ ಬರೆಸಿದ ಉತ್ತರ ಈಗಲೂ ಆ ಫೀಡ್‌ಬ್ಯಾಕಿನ ಕೆಳಗೆ ಹಾಗೆಯೇ ಇದೆ:

"ಗಡಿಯಾರ ಬರೋಬ್ಬರಿ ಐತಿ. ಒಂದು ಗಂಟಿ ಕಡಿಮಿ ಬಿದ್ದದ್ದು ನನ್ನ ಕಿವಿಯಾಗ. ಇನ್ನ ಮ್ಯಾಲ ನನ್ನ ಗಡಿಯಾರದ ಗಂಟಿ ಎಣಿಸಾಂವ ಈ ಸುಳ್ಳು ಬರಸಿದ ಹುಡುಗನ. ಅವನ ಬಾಯಿ ನಂಬಬ್ಯಾಡ್ರಿ, ಕಿವಿ ನಂಬ್ರಿ."